ಬದಲಿ ಮನೆಯ ಬುತ್ತಿ

ಅಂದು ಮಧ್ಯಾಹ್ನದ ಬುತ್ತಿ ಬರುವುದು ಮತ್ತೆ ತಡವಾಯಿತು. ನಾನು ಹಪ್ಪಳದ ಶೆಡ್ಡಿನಿಂದ ಎದ್ದು ಬಂದು ಮನೆಯ ಕಟ್ಟೆಯ ಮೇಲೆ ಕೂತು ಓಣಿಯ ತಿರುವನ್ನೇ ನೋಡುತ್ತಿದ್ದೆ. ನಾನು ಕಳಿಸಿದ ಬುತ್ತಿ ನಮ್ಮ ಬದಲಿ ಮನೆಗೆ, ಗಂಗಾಯಿಯ ಮನೆಗೆ, ಮುಟ್ಟಿ ಬಹಳ ಹೊತ್ತಾಗಿತ್ತು. ಹೀರೇಕಾಯಿ ಪಲ್ಯ, ಬೇಳೆ, ಬಿಸಿ ರೊಟ್ಟಿ, ರೊಟ್ಟಿಯ ಮೇಲೆ ಬೆಣ್ಣೆಯ ಉಂಡೆ. ಅಲ್ಲಿಂದ ಬರಬೇಕಾದದ್ದು ಮಾತ್ರ ಬಂದಿರಲಿಲ್ಲ. ಎದುರು ಮನೆಯವರು ಉಂಡು ಬಾಯಿ ಮುಕ್ಕಳಿಸುವ ಸದ್ದು ಕೇಳಿತು. ನನ್ನ ಗಂಡ ದುರ್ಗಪ್ಪ ಗೌಂಡಿ ಕೆಲಸದವನು. ಬೆಳಗಿನಿಂದ ಕಲ್ಲು ಎತ್ತಿ ಗೋಡೆ ಕಟ್ಟಿ ಬಂದವನು ಒಳಗೆ ಖಾಲಿ ತಾಟಿನ ಮುಂದೆ ಸುಮ್ಮನೆ ಕೂತಿದ್ದ. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ನಮ್ಮ ಊರಲ್ಲಿ ಒಂದು ಮನೆಯವರು ಬೇಯಿಸಿದ್ದು ಆ ಮನೆಯಲ್ಲಿ ಮಲಗುವವರ ಹೊಟ್ಟೆಗೆ ನಿಲ್ಲುವುದಿಲ್ಲ. ಎಷ್ಟು ಉಂಡರೂ ಹಸಿವು ಹಾಗೆಯೇ ಇರುತ್ತದೆ, ನಾಲಿಗೆಗೂ ಮಣ್ಣು ಅಗಿದಂತೆ. ಹಾಗಾಗಿ ಪ್ರತಿ ಮನೆಗೂ ಒಂದು ಬದಲಿ ಮನೆ. ನಾವು ಅವರಿಗೆ ಬೇಯಿಸಿ ಕಳಿಸುತ್ತೇವೆ, ಅವರು ನಮಗೆ. ಸುಮ್ಮನೆ ದಾನ ಮಾಡಿದರೆ ಅದೂ ನಿಲ್ಲುವುದಿಲ್ಲ. ಕೊಟ್ಟವರು ಆ ಮನೆಯದನ್ನೇ ತಿರುಗಿ ಪಡೆದು ಉಣ್ಣಬೇಕು. ಮದುವೆಯಲ್ಲಿ ಗಂಡಿನವರ ಅಡುಗೆ ಹೆಣ್ಣಿನವರಿಗೆ, ಹೆಣ್ಣಿನವರದ್ದು ಗಂಡಿನವರಿಗೆ. ಹೊಸಬರು ಬಾಡಿಗೆಗೆ ಮನೆ ಕೇಳಲು ಬಂದರೆ ನೀರಿದೆಯೇ ಎನ್ನುವ ಮೊದಲು ಬದಲಿ ಮನೆ ಯಾವುದು ಎಂದು ಕೇಳುತ್ತಾರೆ. ಹಸಿಯಾಗಿ ತಿನ್ನುವ ಪದಾರ್ಥಕ್ಕೆ ಮಾತ್ರ ಈ ಕಟ್ಟಿಲ್ಲ. ಅದಕ್ಕೇ ಬಡವರ ಮಕ್ಕಳ ಉಡಿಯಲ್ಲಿ ಯಾವಾಗಲೂ ಹಸಿ ಶೇಂಗಾ, ಎಳೆ ಸೌತೆಕಾಯಿ.

ನಾನು ಅಂಥ ಮಗುವಾಗಿದ್ದೆ. ನಮ್ಮವ್ವ ಫಕೀರವ್ವ ಹುಣಸೆಹಣ್ಣು ಬಡಿಯುವ ಕೂಲಿಗೆ ಹೋಗುತ್ತಿದ್ದಳು. ಅಪ್ಪ ನನಗೆ ನೆನಪಿಲ್ಲ. ನುಚ್ಚಿನ ಅಂಬಲಿ ಬಿಟ್ಟರೆ ನಮ್ಮ ಒಲೆಯ ಮೇಲೆ ಬೇರೇನೂ ಏರುತ್ತಿರಲಿಲ್ಲ. ನಮ್ಮ ಜೊತೆ ಬದಲಿ ಕಟ್ಟಿದವರು ಆ ಅಂಬಲಿಯನ್ನೇ ಕುಡಿಯಬೇಕಲ್ಲ, ಯಾರು ಬಂದಾರು? ಅವ್ವ ಮನೆ ಮನೆಯ ಕಟ್ಟೆಯ ಕೆಳಗೆ ನಿಂತು ಕೇಳಿ ಬರುತ್ತಿದ್ದಳು. ಎಲ್ಲರೂ ಮೆತ್ತಗೇ ಮಾತಾಡುತ್ತಿದ್ದರು, "ಮುಂದಿನ ಸುಗ್ಗಿಗೆ ನೋಡೋಣವ್ವ" ಎನ್ನುತ್ತಿದ್ದರು. ಹಸಿ ಶೇಂಗಾ ತಿಂದು ತಿಂದು ನನಗೆ ಹೊಟ್ಟೆ ನೋವು ಶುರುವಾದ ವರ್ಷ, ಗಾಣದ ಮನೆಯ ಗಂಗಾಯಿ ತಾನಾಗಿ ನಮ್ಮ ಬಾಗಿಲಿಗೆ ಬಂದಳು. ಸೊಂಟದ ಮೇಲೆ ಬುತ್ತಿಯ ಗಡಿಗೆ, ಅದರ ಬಾಯಿಗೆ ಬಿಳಿಯ ವಸ್ತ್ರ ಬಿಗಿದಿತ್ತು. "ಫಕೀರವ್ವ, ನಿನ್ನ ಅಂಬಲಿ ತಾ. ಇವತ್ತಿನಿಂದ ನಾವು ನೀವು" ಎಂದಳು. ನಮ್ಮವ್ವ ನಾಚಿಕೊಂಡು ಅಂಬಲಿಯ ಗಡಿಗೆಯನ್ನು ಸೆರಗಿನಲ್ಲಿ ಮುಚ್ಚಿ ಕೊಟ್ಟಳು. ಆ ದಿನ ನಾನು ಉಂಡು ಕೂತಲ್ಲಿಯೇ ನಿದ್ದೆ ಹೋದೆನಂತೆ.

ಆಮೇಲೆ ನಾನು ಬೆಳೆದೆ. ಗಂಗಾಯಿ ಕಳಿಸಿದ ರೊಟ್ಟಿ, ಎಣ್ಣೆಗಾಯಿ, ಹಬ್ಬಕ್ಕೆ ಹೋಳಿಗೆ ತಿಂದು ನನ್ನ ಕೈಕಾಲು ಗಟ್ಟಿಯಾದವು. ಆ ಕೈಗಳನ್ನು ನಾನು ಎಂದೂ ಖಾಲಿ ಬಿಡಲಿಲ್ಲ. ಮೆಣಸಿನಕಾಯಿ ತೊಟ್ಟು ಬಿಡಿಸಿದೆ, ಬೇರೆಯವರ ಅಂಗಳದಲ್ಲಿ ಶಾವಿಗೆ ಹೊಸೆದೆ, ಬಿಸಿಲಿಗೆ ಮೈ ಕೊಟ್ಟು ಹಪ್ಪಳ ಒಣಗಿಸಿದೆ. ಈಗ ನನ್ನದೇ ಶೆಡ್ಡು ಇದೆ. ಅಲ್ಲಿ ಲಟ್ಟಿಸುವ ಹಪ್ಪಳ ದೂರದ ಸಂತೆಗಳಿಗೆ ಹೋಗುತ್ತದೆ. ಕೆಲಸಕ್ಕೆ ನಾನು ಕರೆಯುವುದು ಬದಲಿ ಮನೆ ಸಿಗದ ಹೆಂಗಸರನ್ನು. ಕೆಲಸ ಕೊಟ್ಟು, ಅವರ ಒಲೆಯ ಮೇಲೆ ನಾಲ್ಕು ಕಾಳು ಬೇಯುವಂತಾದ ಮೇಲೆ, ನಾನೇ ಅವರನ್ನು ಕರೆದುಕೊಂಡು ಓಣಿ ಓಣಿ ತಿರುಗಿ ಬದಲಿ ಮನೆ ಹೊಂದಿಸಿ ಬರುತ್ತೇನೆ. ನಮ್ಮವ್ವ ನಿಂತ ಕಟ್ಟೆಗಳ ಕೆಳಗೆ ನಿಲ್ಲುವಾಗ ಇವತ್ತಿಗೂ ನನ್ನ ಎದೆ ಹೊಡೆದುಕೊಳ್ಳುತ್ತದೆ. ಅವ್ವ ತೀರಿಕೊಂಡಳು, ನನಗೆ ಮದುವೆಯಾಯಿತು, ಮಗಳು ರೇಣುಕಾ ಹುಟ್ಟಿದಳು. ಗಾಣಕ್ಕೆ ಎಳ್ಳು ಬರುವುದು ನಿಂತು ಗಂಗಾಯಿಯ ಮನೆ ಸಣ್ಣದಾಯಿತು. ನಾನು ಬದಲಿ ಮುರಿಯಲಿಲ್ಲ. ಊರಲ್ಲೇ ಒಳ್ಳೆಯ ಬುತ್ತಿ ಯಾವುದೆಂದರೆ ನಾನು ಗಂಗಾಯಿಗೆ ಕಳಿಸುವ ಬುತ್ತಿ ಎಂದು ಜನ ಹೇಳುತ್ತಿದ್ದರು. ಅದನ್ನು ಕೇಳಿ ನನಗೆ ಹೆಮ್ಮೆಯಾಗುತ್ತಿತ್ತು.

ಆದರೆ ಈಗ ಗಂಗಾಯಿಗೆ ವಯಸ್ಸಾಗಿದೆ. ಮೊದಮೊದಲು ರೊಟ್ಟಿಯ ಅಂಚು ಕಪ್ಪಾಗಿ ಬಂತು. ಆಮೇಲೆ ಒಂದು ದಿನ ಎಲ್ಲ ರೊಟ್ಟಿ ಕಪ್ಪು, ಇನ್ನೊಂದು ದಿನ ಎಲ್ಲ ಹಸಿ. ಬೇಳೆಯಲ್ಲಿ ಕಲ್ಲು, ಪಲ್ಯದಲ್ಲಿ ನೂಲಿನ ಎಳೆ. ಒಮ್ಮೆ ಗಡಿಗೆಯ ವಸ್ತ್ರ ಬಿಚ್ಚಿದರೆ ಒಳಗೆ ಬರೀ ಬಿಸಿನೀರು. ಬದಲಿ ಮನೆಯ ಬುತ್ತಿ ಹೀಗಾದರೆ ಬೇರೆ ದಾರಿ ಇಲ್ಲ. ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. ದುರ್ಗಪ್ಪ ಸೊಂಟದ ಪಟ್ಟಿ ಬಿಗಿದುಕೊಂಡು ಕೆಲಸಕ್ಕೆ ಹೋಗುತ್ತಿದ್ದ. ರೇಣುಕಾಳ ಬಳೆಗಳು ಮಾತ್ರ ಮೊಣಕೈಯವರೆಗೆ ಜಾರತೊಡಗಿದವು. ನಾನು ಅವನ್ನು ನೋಡದ ಹಾಗೆ ನೋಡುತ್ತಿದ್ದೆ.

ಅಂದು ಕೊನೆಗೂ ಬುತ್ತಿ ಬಂತು. ಗಂಗಾಯಿಯ ಮಗಳು ಗಿರಿಜಾ ತಂದಳು. ಗಿರಿಜಾ ನನ್ನ ಓರಗೆಯವಳು, ಒಂದೇ ಸಾಲೆಯಲ್ಲಿ ಕಲಿತವರು ನಾವು. ಗಂಡ ತೀರಿದ ಮೇಲೆ ತವರಿಗೆ ಬಂದು ತಾಯಿಯ ಜೊತೆ ಇದ್ದಾಳೆ, ಹತ್ತಿ ಗಿರಣಿಗೆ ಕೆಲಸಕ್ಕೆ ಹೋಗುತ್ತಾಳೆ. ಗಿಡ್ಡ ಮೈ, ಸೊಟ್ಟಗಾದ ಸಣ್ಣ ಕಾಲುಗಳು. ಗಡಿಗೆ ಇಟ್ಟು ನನ್ನ ಮುಖ ನೋಡದೆ ತಿರುಗಿ ಹೋದಳು. ಒಳಗೆ ಮೂವರಿಗೆ ಎರಡು ರೊಟ್ಟಿಯಿದ್ದವು, ಎರಡೂ ಕರಕಲು. ದುರ್ಗಪ್ಪ ಒಂದನ್ನು ಮುರಿದು ಅರ್ಧ ನನ್ನ ಕಡೆ ಸರಿಸಿದ, ಇನ್ನೊಂದನ್ನು ಮಗಳಿಗೆಂದು ಮುಚ್ಚಿಟ್ಟ.

ರೇಣುಕಾ ಅದನ್ನು ತಿನ್ನಲು ಬರಲಿಲ್ಲ. ಸಾಲೆಯಿಂದ ಹುಡುಗಿಯೊಬ್ಬಳು ಓಡಿ ಬಂದು, "ಬಾಯಾರ ಕರೀತಾರ, ರೇಣುಕಾ ಬಿದ್ದಾಳ" ಎಂದಳು. ನಾನು ಚಪ್ಪಲಿ ಇಲ್ಲದೆ ಓಡಿದೆ. ವರಾಂಡದಲ್ಲಿ ಮಲಗಿಸಿ ಗಾಳಿ ಹಾಕುತ್ತಿದ್ದರು. ಮಗಳು ಕಣ್ಣು ಬಿಟ್ಟು, "ಏನಿಲ್ಲವ್ವ, ಬಿಸಲಿಗೆ" ಎಂದಳು. ಕಲಿಸುವ ಬಾಯಾರು ನನ್ನನ್ನು ಬದಿಗೆ ಕರೆದು ಹೇಳಿದರು, "ಬಿಸಲೂ ಅಲ್ಲ, ಏನೂ ಅಲ್ಲ. ಹುಡುಗಿ ಹೊಟ್ಟಿಗೆ ಏನಾರ ಬೀಳಾಕತ್ತೈತೇನು? ರಕ್ತ ಇಲ್ಲ ಮೈಯಾಗ."

ಮನೆಗೆ ತಂದು ಮಲಗಿಸಿ ಹಾಸಿಗೆ ಸರಿಮಾಡುವಾಗ ಮೂಲೆಯಲ್ಲಿ ಏನೋ ಕಾಲಿಗೆ ಚುಚ್ಚಿತು. ಹಾಸಿಗೆ ಎತ್ತಿ ನೋಡಿದೆ. ಶೇಂಗಾದ ಸಿಪ್ಪೆಗಳು. ಹಸಿ ಶೇಂಗಾ ಕದ್ದು ತಿಂದು ಸಿಪ್ಪೆಯನ್ನು ಅಲ್ಲಿ ಒತ್ತಿಟ್ಟಿದ್ದಳು. ಒಂದೊಂದಾಗಿ ಸೆರಗಿಗೆ ಆರಿಸಿಕೊಂಡೆ. ನನ್ನ ಮಗಳು ನನ್ನ ಹಾಗೆ ಬೆಳೆಯಬಾರದೆಂದು ನಾನು ಇಷ್ಟು ವರ್ಷ ಬಿಸಿಲಲ್ಲಿ ಬೆಂದಿದ್ದೆ.

ದುರ್ಗಪ್ಪ ಸಿಪ್ಪೆಗಳನ್ನು ನೋಡಿದ. ಆಗ ಮಾತಾಡಿದ. "ಗಂಗಾಯಿ ಋಣ ಐತಿ, ಖರೆ. ನಾನೂ ಇಲ್ಲ ಅನ್ನಂಗಿಲ್ಲ. ಆದ್ರ ಆ ಋಣಕ್ಕ ಇಕಿ ಹೊಟ್ಟಿ ಕೊಡೂದೇನು?"

"ಬದಲಿ ಮುರದ್ರ ಗಂಗಾಯಿ ಜೋಡಿ ಮತ್ತ ಯಾರ ಕಟ್ಟತಾರ? ಅವ್ವ ಮಗಳು ಇಬ್ಬರೂ ಸಾಯತಾರ."

"ನೀನು ಊರ ಮಂದಿಗೆಲ್ಲ ಬದಲಿ ಹೊಂದಿಸ್ತಿ. ಅವರಿಗೂ ಹೊಂದಿಸು."

"ಕರಕಲು ರೊಟ್ಟಿಗೆ ಯಾರ ಬರತಾರ?"

ಅವನು ಕಲಾವತಿಯ ಹೆಸರು ಎತ್ತಿದ. ಹಿಂದಿನ ಓಣಿಯ ಕಲಾವತಿಯ ಬದಲಿ ಮನೆಯವರು ಊರು ಬಿಟ್ಟಿದ್ದರು. ಕಲಾವತಿ ಒಳ್ಳೆಯ ಅಡುಗೆಯವಳು. ನಮ್ಮ ಜೊತೆ ಕಟ್ಟುತ್ತೇನೆಂದು ಅವಳೇ ಹೇಳಿ ಕಳಿಸಿದ್ದಳು. ನಾಳೆ ಸಂಜೆಯೊಳಗೆ ಹೇಳದಿದ್ದರೆ ಬೇರೆ ಮನೆ ನೋಡಿಕೊಳ್ಳುತ್ತೇನೆ ಎಂದೂ ಹೇಳಿದ್ದಳು. ನಮ್ಮಲ್ಲಿ ಬದಲಿ ಮುರಿಯುವುದಕ್ಕೆ ಜಗಳ ಬೇಕಿಲ್ಲ. ಬುತ್ತಿಯ ವಸ್ತ್ರವನ್ನು ತೊಳೆದು, ಒಣಗಿಸಿ, ನಾಲ್ಕು ಮಡಿಕೆ ಮಾಡಿ ಅವರ ಕಟ್ಟೆಯ ಮೇಲಿಟ್ಟು ಬಂದರೆ ಮುಗಿಯಿತು. ನಾನು ವಸ್ತ್ರ ತೊಳೆದೆ. ಬಿಸಿಲಿಗೆ ಹಾಕಿದೆ. ಒಣಗುವವರೆಗೆ ಅದರ ಮುಂದೆಯೇ ಕೂತೆ, ಒಣಗದಿರಲಿ ಎಂದುಕೊಳ್ಳುತ್ತ. ಆ ಬಿಸಿಲಿಗೆ ಬೇಗ ಒಣಗಿಬಿಟ್ಟಿತು.

ಮರುದಿನ ಇಳಿಹೊತ್ತಿಗೆ ಮಡಿಚಿದ ವಸ್ತ್ರವನ್ನು ಸೆರಗಿನೊಳಗೆ ಹಿಡಿದು ಗಾಣದ ಮನೆಗೆ ಹೋದೆ. ಕಟ್ಟೆಯ ಮೇಲಿಟ್ಟು ಸದ್ದಿಲ್ಲದೆ ಬರಬೇಕೆಂದೇ ಹೋಗಿದ್ದು. ಆದರೆ ಬಾಗಿಲು ತೆರೆದಿತ್ತು, ಹೊಗೆ ಹೊರಗೆ ಬರುತ್ತಿತ್ತು. ಒಳಗೆ ಗಂಗಾಯಿ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಹಂಚಿನ ಮೇಲೆ ರೊಟ್ಟಿ ಸುಡುತ್ತಿತ್ತು. ಅವಳು ಅದನ್ನು ಮರೆತು ಹಿಟ್ಟಿಗೆ ನೀರು ಹಾಕುತ್ತಿದ್ದಳು, ಹಾಕಿದ್ದು ಮರೆತು ಮತ್ತೆ ಹಾಕುತ್ತಿದ್ದಳು. ನನ್ನ ನೆರಳು ಬಿದ್ದದ್ದಕ್ಕೆ ತಲೆ ಎತ್ತಿದಳು.

"ಬಾ ಫಕೀರವ್ವ" ಎಂದಳು. ನಮ್ಮವ್ವನ ಹೆಸರು. "ಹುಡುಗಿ ಹೆಂಗದಾಳ? ಹೊಟ್ಟಿ ನೋವು ಕಡಿಮಿ ಆತೇನ? ತಡೀ, ದಪ್ಪ ರೊಟ್ಟಿ ತಟ್ಟಾಕತ್ತೀನಿ. ಎಳೀ ಹೊಟ್ಟಿ, ಹಸಿವು ತಡಿಯಾಂಗಿಲ್ಲ."

 ವಸ್ತ್ರ ಸೆರಗಿನಲ್ಲೇ ಉಳಿಯಿತು. ಹಂಚಿನ ಮೇಲಿನ ರೊಟ್ಟಿ ತೆಗೆಯಲು ಬಗ್ಗಿದೆ. ಅಷ್ಟರಲ್ಲಿ ಅವಳ ಕಣ್ಣು ಕೆಂಪಾಯಿತು. ಒಲೆಯಿಂದ ಉರಿಯುವ ಕೊಳ್ಳಿ ಎಳೆದು ನನ್ನ ಕಡೆ ಚಾಚಿದಳು. "ನನ್ನ ಒಲಿ ಮುಟ್ಟಬ್ಯಾಡ! ಮಾತು ಕೊಟ್ಟಾಕಿ ನಾನು, ಬೇಯಿಸಾಕಿ ನಾನು!"

ಹಿಂದಿನಿಂದ ಯಾರೋ ನನ್ನ ರಟ್ಟೆ ಹಿಡಿದು ಹೊರಗೆ ಎಳೆದರು. ಗಿರಣಿಯಿಂದ ಆಗಷ್ಟೇ ಬಂದ ಗಿರಿಜಾ. ಅವಳ ಕೂದಲಲ್ಲಿ ಹತ್ತಿಯ ಎಳೆಗಳಿದ್ದವು. ಕಟ್ಟೆಯ ಮೇಲೆ ಕೂರಿಸಿ ತನ್ನ ಮುಂಗೈ ತೋರಿಸಿದಳು. ಸುಟ್ಟ ಗಾಯ, ಇನ್ನೂ ಹಸಿಯಾಗಿತ್ತು. "ನಾ ಮಾಡತೀನಿ ಅಂತ ಹೋದ್ರ ಹಿಂಗ. ನಾ ಯಾರಂತಾನೂ ಅಕಿಗೆ ಗುರುತ ಸಿಗವಲ್ದು" ಎಂದಳು. ಆಗ ನನ್ನ ಸೆರಗಿನಿಂದ ವಸ್ತ್ರದ ಮಡಿಕೆ ಕಂಡಿತು. ಅವಳು ಅದನ್ನು ನೋಡುತ್ತಲೇ ಇದ್ದಳು.

"ಇಟ್ಟು ಹೋಗು ಕಸ್ತೂರಿ" ಎಂದಳು. "ನನಗೇನು ಸಿಟ್ಟಿಲ್ಲ."

"ರೇಣುಕಾ ಸಾಲ್ಯಾಗ ಬಿದ್ದಿದ್ಲು" ಎಂದೆ.

"ಕೇಳಿದೆ." ಗಿರಿಜಾ ಕೂದಲಿಂದ ಹತ್ತಿ ಬಿಡಿಸುತ್ತ ಹೇಳಿದಳು, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ. "ನಿಮ್ಮ ಅಂಬಲಿ ಕುಡದು ಬೆಳದಾಕಿ ನಾನು. ನಿಮ್ಮವ್ವ ಇದ್ದದ್ದೆಲ್ಲಾ ಹಾಕಿ ಮಾಡತಿದ್ಲು, ನನಗ ಗೊತ್ತೈತಿ. ಆದ್ರೂ ಅಂಬಲಿ ಅಂಬಲೀನ. ಹಸಿವಿಗೆ ಅಳತಿದ್ದೆ. ಅವ್ವ ಏನಂತಿದ್ಲು ಗೊತ್ತೇನ? 'ಆಕಡಿ ಕಸ್ತೂರಿ ಉಂಡು ಮಲಗ್ಯಾಳ, ಸುಮ್ಮನಿರು' ಅಂತಿದ್ಲು. ನೀ ಉಂಡ್ರ ನನಗೇನ ಆಗತೈತಿ ಅಂತ ನಾ ಅಳತಿದ್ದೆ. ಅಪ್ಪ ಬದಲಿ ಮುರಿ ಅಂದ. ಅಕಿ ಮುರೀಲಿಲ್ಲ." ಬಿಡಿಸಿದ ಹತ್ತಿಯನ್ನು ಉಂಡೆ ಮಾಡಿ ಎಸೆದಳು. "ಅಕಿ ಮಾಡಿದ್ದು ಚುಲೋ ಅಂತ ಊರ ಹೇಳತೈತಿ. ಇರಬೌದು. ಆದ್ರ ನಿನ್ನ ಮಗಳು ನನ್ನಂಗ ಆಗೋದು ಬ್ಯಾಡ. ಇಟ್ಟು ಹೋಗು."

ಇಷ್ಟು ವರ್ಷ ನಾನು ತಿರುಗಿ ಕೊಟ್ಟದ್ದೆಲ್ಲ ಗಂಗಾಯಿಗೆ ಎಂದುಕೊಂಡಿದ್ದೆ. ಗಿರಿಜಾಳ ಕಾಲುಗಳನ್ನು ದಿನವೂ ನೋಡಿದ್ದೆ, ಹುಟ್ಟಿನಿಂದಲೇ ಹಾಗಿರಬೇಕೆಂದು ಬಿಟ್ಟಿದ್ದೆ. ಕೇಳಲು ಏನೂ ಉಳಿದಿರಲಿಲ್ಲ. ನಾನು ಎದ್ದೆ. ವಸ್ತ್ರ ಇಡಲಿಲ್ಲ. ಯಾಕೆ ಇಡಲಿಲ್ಲ ಎಂದು ಈಗಲೂ ಸರಿಯಾಗಿ ಹೇಳಲಾರೆ. ಕೈ ಬಿಡಲಿಲ್ಲ, ಅಷ್ಟೇ. ದಾರಿಯುದ್ದಕ್ಕೂ ಕಲಾವತಿಯ ಮಾತು ಕಿವಿಯಲ್ಲಿತ್ತು, ಸಂಜೆಯಾಗುತ್ತಿತ್ತು. ವಸ್ತ್ರ ಇಟ್ಟರೆ ಗಿರಿಜಾ ಉಪವಾಸ, ಇಡದಿದ್ದರೆ ರೇಣುಕಾ. ಓಣಿಯ ಮಧ್ಯದಲ್ಲಿ ನಿಂತು ಯಾರದೋ ಗೋಡೆಗೆ ಕೈ ಊರಿದೆ.

ಮನೆಯಲ್ಲಿ ಎಲ್ಲವನ್ನೂ ಹೇಳಿದೆ. ದುರ್ಗಪ್ಪ ತಲೆ ತಗ್ಗಿಸಿ ಕೇಳಿದ. ರೇಣುಕಾ ಗೋಡೆಗೆ ಒರಗಿ ಕೂತಿದ್ದಳು. ಅವಳೇ ಮೊದಲು ಮಾತಾಡಿದಳು.

"ನಾ ಅಲ್ಲಿ ಹೋಗಿ ಮಲಗಿದ್ರ?"

"ಅಂದ್ರ?"

"ಗಂಗಾಯಿ ಮನ್ಯಾಗ ಮಲಗಿದ್ರ ನಾ ಆ ಮನಿಯಾಕಿ ಆಗತೀನಿ. ನೀ ಕಳಿಸಿದ ಬುತ್ತಿ ನಾ ಉಣತೀನಿ. ಅಲ್ಲಿ ಒಲಿ ಮುಂದ ನಾ ಕೂತ್ರ ನಿಮಗ ಬುತ್ತಿ ಬರತೈತಿ. ಬದಲಿ ಮನಿಗೆ ಸೊಸಿ ಆಗಿ ಹೋದಾಕಿಗೆ ತವರಮನಿ ಅಡಗಿ ಸಿಗತೈತಿ ಅಂತೀರಲ್ಲ. ಹಂಗ."

"ನಿನಗ ರೊಟ್ಟಿ ತಟ್ಟಾಕ ಎಲ್ಲಿ ಬರತೈತಿ?" ಎಂದ ದುರ್ಗಪ್ಪ.

"ಈಗ ಬರೂದಕ್ಕಿಂತ ಕೆಟ್ಟ ಮಾಡಾಕ ಆಗಂಗಿಲ್ಲಲ್ಲ" ಎಂದಳು ಮಗಳು. ಅವನಿಗೆ ನಗು ಬಂತು, ನನಗೆ ಬರಲಿಲ್ಲ. ಕೊಳ್ಳಿಯ ಬೆಂಕಿ ಕಣ್ಣ ಮುಂದೆ ಬಂತು. ನನ್ನ ಸೂರಿನ ಕೆಳಗಿಂದ ಮಗಳು ಇಷ್ಟು ಬೇಗ ಹೊರಗೆ ಹೋಗುವುದು, ಸಂಜೆ ದೀಪ ಹಚ್ಚಿದಾಗ ಅವಳ ಜಾಗ ಖಾಲಿ ಇರುವುದು, ಅದೂ ಬಂತು. ಹೋಗಬೇಡ ಎನ್ನಲು ಬಾಯಿ ತೆರೆದೆ. ಅವಳ ಬಳೆಗಳು ಕಂಡವು. ಬಾಯಿ ಮುಚ್ಚಿದೆ.

ಅಂದೇ ಹೊರಟೆವು, ಒಂದು ಚಾದರ, ಸಾಲೆಯ ಚೀಲ. ಕಲಾವತಿಗೆ ಬೇಡವೆಂದು ದುರ್ಗಪ್ಪ ಹೇಳಿ ಬಂದ. ಗಿರಿಜಾ ವಿಷಯ ಕೇಳಿ ಬಾಗಿಲಲ್ಲಿ ಅಡ್ಡ ನಿಂತಳು. "ನಿನಗ ಹುಚ್ಚೇನು? ಹುಡುಗಿ ಮೈ ಸುಟ್ಟೀತು" ಎಂದಳು. ರೇಣುಕಾ ಅವಳ ತೋಳಿನ ಕೆಳಗಿಂದ ನುಸುಳಿ ಒಳಗೆ ಹೋಗಿಬಿಟ್ಟಳು. ನಾವಿಬ್ಬರೂ ಹಿಂದೆ ಓಡಿದೆವು. ಗಂಗಾಯಿ ಒಲೆಯ ಪಕ್ಕ ತೂಕಡಿಸುತ್ತಿದ್ದವಳು ಕಣ್ಣು ತೆರೆದಳು. ಕೈ ಕೊಳ್ಳಿಯ ಕಡೆ ಹೋಯಿತು. ನಾನು ಮಗಳ ಲಂಗದ ಅಂಚು ಹಿಡಿದೆ, ಬೆಂಕಿ ಬಂದರೆ ಹಿಂದಕ್ಕೆ ಎಳೆಯಲು.

ಗಂಗಾಯಿ ರೇಣುಕಾಳನ್ನು ದಿಟ್ಟಿಸಿದಳು. ಸೊರಗಿದ ಮುಖ, ಸಣ್ಣ ಕೈ. ಕೊಳ್ಳಿಯಿಂದ ಬೆರಳು ಬಿಡಿಸಿಕೊಂಡಳು. "ಕಸ್ತೂರಿ, ಬಂದ್ಯೇನ?" ಎಂದಳು. "ಹಸದು ಬಂದೀಯೇನ? ಕೂಡು. ಹಿಟ್ಟು ನಾದತೀಯೇನು, ನನ್ನ ಕೈ ಸೋತಾವ."

ರೇಣುಕಾ ಕೂತಳು. ನಾನು ಲಂಗದ ಅಂಚು ಬಿಟ್ಟೆ. ಗಿರಿಜಾ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು.

ಮರುದಿನ ಮಧ್ಯಾಹ್ನದ ಬುತ್ತಿ ಹೊತ್ತಿಗೆ ಸರಿಯಾಗಿ ಬಂತು. ರೊಟ್ಟಿಗಳು ಒಂದೂ ದುಂಡಗಿರಲಿಲ್ಲ, ಒಂದು ಮೂಲೆ ದಪ್ಪ, ಒಂದು ಮೂಲೆ ತೆಳು. ಕಡಲೆಹಿಟ್ಟಿನ ಝುಣಕ ಗಂಟು ಗಂಟು. ನಾವಿಬ್ಬರೂ ಒಂದು ಚೂರೂ ಬಿಡದೆ ಉಂಡೆವು. ಉಂಡದ್ದು ಹೊಟ್ಟೆಯಲ್ಲಿ ನಿಂತಿತು. ದುರ್ಗಪ್ಪ ಗೋಡೆಗೆ ಒರಗಿ ಕೂತಲ್ಲಿಯೇ ನಿದ್ದೆ ಹೋದ, ಬಹಳ ದಿನದ ಮೇಲೆ. ದಿನಗಳು ಹೋದಂತೆ ರೊಟ್ಟಿ ದುಂಡಗಾಗುತ್ತ ಬಂತು. ರೇಣುಕಾ ಬೆಳಿಗ್ಗೆಯೇ ಬೇಯಿಸಿಟ್ಟು ಸಾಲೆಗೆ ಹೋಗಿ, ಸಂಜೆ ಸಾಲೆ ಬಿಡುತ್ತಲೇ ನಮ್ಮ ಮನೆಗೆ ಬಂದು ನನ್ನ ಜೊತೆ ಹಪ್ಪಳ ಎತ್ತಿ, ಹೊತ್ತು ಮುಳುಗುವಾಗ ಆ ಮನೆಗೆ ಹೋಗುತ್ತಿದ್ದಳು. ಬಳೆಗಳು ಮಣಿಕಟ್ಟಿನ ಹತ್ತಿರ ನಿಂತವು.

ನನ್ನ ಕಳವಳ ಮಾತ್ರ ತೀರಲಿಲ್ಲ, ಅದು ಬೇರೆ ದಾರಿ ಹಿಡಿಯಿತು. ಮಗಳು ಮೊದಲ ಸಲ ನನ್ನ ಕೈಯ ಅಡುಗೆ ಉಣ್ಣುತ್ತಿದ್ದಳು. ಹುಟ್ಟಿದಾಗಿನಿಂದ ಅವಳ ಎದುರಿಗೇ ಬೇಯಿಸಿ ಬೇರೆಯವರಿಗೆ ಕಟ್ಟಿ ಕಳಿಸಿದ್ದೆ. ಈಗ ಒಲೆಯ ಮುಂದೆ ಕೂತರೆ ಕೈ ತಪ್ಪುತ್ತಿತ್ತು. ಬದನೆಕಾಯಿ ಎಣ್ಣೆಗಾಯಿ ಮಾಡಿದೆ, ಪುಂಡಿಪಲ್ಯ ಮಾಡಿದೆ, ಹಬ್ಬವಿಲ್ಲದಿದ್ದರೂ ಬೆಲ್ಲದ ಮಾದಲಿ ಮಾಡಿ ಕಳಿಸಿದೆ. ರೇಣುಕಾ ಬಂದಾಗ ಅವಳ ಮುಖ ನೋಡುತ್ತಿದ್ದೆ. ಅವಳು ಸಾಲೆಯ ಸುದ್ದಿ ಹೇಳುತ್ತಿದ್ದಳು, ಗಂಗಾಯಿ ತನ್ನ ಜಡೆ ಹಾಕಿದ್ದು ಹೇಳುತ್ತಿದ್ದಳು, ಊಟದ ಮಾತೇ ಎತ್ತುತ್ತಿರಲಿಲ್ಲ. ಕೇಳಲು ನನಗೆ ಧೈರ್ಯವಿರಲಿಲ್ಲ.

ಒಂದು ರಜೆಯ ದಿನ ಗಿರಿಜಾ ಬುತ್ತಿ ತಂದಳು. ಬೇಳೆ ಒಲೆಯ ಮೇಲೆ ಕುದಿಯುತ್ತಿತ್ತು, ಅವರ ಬುತ್ತಿ ಇನ್ನೂ ಕಟ್ಟಿರಲಿಲ್ಲ. ಅವಳು ಕಟ್ಟೆಯ ಮೇಲೆ ಕೂತು ಕಾಯ್ದಳು. ನಾನು ಒಳಗಿಂದಲೇ ಕೇಳಿದೆ, "ಗಿರಿಜಾ, ರೇಣುಕಾ ನನ್ನ ಅಡಗಿ ಬಗ್ಗೆ ಏನಾರ ಅಂದಾಳೇನು?"

 ನಾನು ಬೇಳೆ ತಿರುವುತ್ತಲೇ ಇದ್ದೆ.

"ಬಂದ ದಿನಾನ ಅಂದ್ಲು" ಎಂದಳು. "ಉಪ್ಪು ಭಾಳ ಕಡಿಮಿ ಅಂತ."

"ಅವತ್ತಿನ ಬ್ಯಾಳಿಗೇನ?"

"ಎಲ್ಲಾದಕ್ಕೂ."

ನಾನು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದೆ. "ಎಂದಿನಿಂದ?"

"ಮೊದಲಿಂದಾನೂ. ನೀ ಒಲಿ ಹಿಡದ ದಿನದಿಂದ."

"ಇಷ್ಟು ವರ್ಷ ಯಾಕ ಹೇಳಲಿಲ್ಲ?"

ಗಿರಿಜಾ ಭುಜ ಕುಣಿಸಿದಳು. "ಅಷ್ಟು ಬೆಣ್ಣಿ ಹಾಕಿ, ಓಡಿಕೋತ ತಂದು ಕೊಡತಿದ್ದಿ. ಮುಖ ನೋಡಿದ್ರ ಹೇಳಾಕ ಆಗತಿರಲಿಲ್ಲ. ಅವ್ವ ಹೇಳಬ್ಯಾಡ ಅಂತಿದ್ಲು. ಮನ್ಯಾಗ ಒಂದ ಬಟ್ಟಲದಾಗ ಉಪ್ಪು ಇಟಗೊಂಡು ಉಣತೀವಿ." ಹೇಳಿ ಮುಗಿಸುವಷ್ಟರಲ್ಲಿ ಅವಳಿಗೆ ನಗು ತಡೆಯಲಾಗಲಿಲ್ಲ. ಮುಂದಿನ ಎರಡು ಹಲ್ಲು ಇಲ್ಲದ ಬಾಯಿ ತೆರೆದು, ಸೆರಗು ಅಡ್ಡ ಹಿಡಿದು, ಅವಳು ನಗುವುದನ್ನು ಸಾಲೆ ಬಿಟ್ಟ ಮೇಲೆ ನಾನು ನೋಡಿರಲೇ ಇಲ್ಲ. ನನಗೆ ಅಳು ಬಂತೋ ನಗು ಬಂತೋ, ಕಟ್ಟೆಯ ಮೇಲೆ ಅವಳ ಪಕ್ಕ ಕುಸಿದು ಕೂತೆ.

"ಎಷ್ಟು ಹಾಕಲಿ?" ಎಂದು ಕೇಳಿದೆ. "ನಾ ಮಾಡಿದ್ದು ನನ್ನ ನಾಲಿಗಿಗೆ ಮಣ್ಣು, ನನಗ ಗೊತ್ತಾಗಂಗಿಲ್ಲ ಗಿರಿಜಾ."

ಅವಳು ಎದ್ದು, ಕಾಲು ಎಳೆಯುತ್ತ ಒಳಗೆ ಹೋದಳು. ಒಲೆಯ ಮುಂದೆ ಕೂತು ಸೌಟಿನಿಂದ ಅಂಗೈಗೆ ಬೇಳೆ ಹಾಕಿಕೊಂಡು ನೆಕ್ಕಿದಳು. ನಾನು ಉಪ್ಪಿನ ಮಡಕೆ ಹಿಡಿದು ಅವಳ ಮುಖವನ್ನೇ ನೋಡುತ್ತ ನಿಂತೆ.

"ಹಾಕು" ಎಂದಳು.

ಹಾಕಿದೆ. ತಿರುವಿ, ಮತ್ತೆ ನೆಕ್ಕಿದಳು.

"ಇನ್ನಷ್ಟು."